ನಗುಮುಖದವರಿಗೇ ಜಾಸ್ತಿ ಕೆಲಸ

ಇವತ್ತು ಶಿಕ್ಷಕರ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಊಟದ ಹೊತ್ತಿನವರೆಗೂ ನಮಗೆ ಪಾಸಿಟಿವ್ ಆಗಿರುವುದನ್ನು ಕಲಿಸಿದರು. ಭರವಸೆ, ಆತ್ಮವಿಶ್ವಾಸ, ಬಿದ್ದರೂ ಏಳುವ ಗುಣ, ಆಶಾವಾದ. ಈ ನಾಲ್ಕಿದ್ದರೆ ಕೆಲಸದಲ್ಲಿ ಸುಸ್ತೇ ಆಗುವುದಿಲ್ಲವಂತೆ. ಹಾಗಾದರೆ ಸುಸ್ತಾದವರದ್ದು ಸ್ವಭಾವದ ದೋಷ, ಅಲ್ವಾ?

ಆ ಗುಣಗಳು ಸುಳ್ಳಲ್ಲ ಮಾರಾಯ್ರೆ. ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಫ್ರೆಡ್ ಲುಥಾನ್ಸ್ ಈ ನಾಲ್ಕನ್ನೇ ಸೇರಿಸಿ ಮನಸ್ಸಿನ ಬಂಡವಾಳ ಎಂದರು. ಅದು ಇರುವವರಲ್ಲಿ ದಣಿವು ಕಡಿಮೆ, ಹುರುಪು ಜಾಸ್ತಿ ಅಂತ ಅಧ್ಯಯನಗಳೂ ಹೇಳುತ್ತವೆ. ಆದರೆ ಉಳಿದರ್ಧ ಕಥೆಯನ್ನು ಯಾಕೆ ನುಂಗಿಕೊಳ್ಳುತ್ತೀರಿ? ಹೊರೆ ಮಿತಿ ಮೀರಿದರೆ ದಣಿವು, ಆಸರೆ ಸಿಗದಿದ್ದರೆ ಕೆಲಸದ ಮೇಲೇ ಬೇಸರ ಅಂತ 2001ರಲ್ಲೇ ಡೆಮೆರೂಟಿ, ಬಾಕರ್ ಮತ್ತಿತರ ಸಂಶೋಧಕರು ಬರೆದಿದ್ದಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟನ್ನು, ಅಂದರೆ ಕೆಲಸದಿಂದ ಪೂರ್ತಿ ಬಸವಳಿಯುವುದನ್ನು, ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದಲ್ಲಿ ಬಹುಕಾಲ ಹಾಗೇ ಉಳಿದ ಒತ್ತಡದ ಫಲ ಎಂದಿತು.

ಈಗ ನಮ್ಮ ಸ್ಟಾಫ್ ರೂಮಿಗೆ ಬನ್ನಿ. ಹುಡುಗನ ಹೆಸರು ಆಧಾರ್‌ನಲ್ಲಿ ಒಂದು ಥರ, ಮಕ್ಕಳ ದಾಖಲೆ ಇಡುವ ಇಲಾಖೆಯ ಎಸ್‌ಎಟಿಎಸ್ ಪೋರ್ಟಲ್‌ನಲ್ಲಿ ಇನ್ನೊಂದು ಥರ. ಒಂದು ಇನಿಷಿಯಲ್ ಹೆಚ್ಚಿದ್ದರೂ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ ಅಪಾರ್ ಐಡಿ ಆಗುವುದಿಲ್ಲ. ಒಪ್ಪಿಗೆಗೆ ಸಹಿ ಹಾಕಬೇಕಾದ ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಫೋನ್ ಸ್ವಿಚ್ ಆಫ್. ಪರದೆ ಮೇಲೆ ಚಕ್ರ ತಿರುಗುತ್ತಲೇ ಇದೆ. ಅಷ್ಟರಲ್ಲಿ ಅಡುಗೆಯವರು ಬಂದು ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಕೇಳುತ್ತಾರೆ. ಆರನೇ ಕ್ಲಾಸಿನ ಗಲಾಟೆ ಅಂಗಳ ದಾಟಿ ಕೇಳಿಸುತ್ತಿರುತ್ತದೆ. ಇದರಲ್ಲಿ ನನ್ನ ಆಶಾವಾದ ಏನು ಮಾಡಬೇಕು, ಸರ್ವರ್ ರಿಪೇರಿ ಮಾಡಬೇಕಾ?

‘ಅಷ್ಟೇ ಕೆಲಸ ಇದ್ದರೂ ಕೆಲವರು ನಗ್ತಾ ಇರ್ತಾರಲ್ಲ ಮೇಡಂ’ ಅಂದರು ಪಕ್ಕದಲ್ಲಿದ್ದವರು. ಇರುತ್ತಾರೆ. ನಮ್ಮಲ್ಲೂ ಒಬ್ಬರಿದ್ದಾರೆ, ಯಾವತ್ತೂ ಮುಖ ಗಂಟು ಹಾಕಿದವರಲ್ಲ. ಅದಕ್ಕೇ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ ಅವರಿಗೆ. ಪ್ರತಿಭಾ ಕಾರಂಜಿ ಅವರಿಗೆ. ಶಾಲೆಯ ವಾಟ್ಸಾಪ್ ಗ್ರೂಪೂ ಅವರಿಗೇ. ‘ಅವರು ಬೇಜಾರು ಮಾಡ್ಕೊಳ್ಳಲ್ಲ ಬಿಡಿ’ ಅನ್ನುವುದೇ ಆದೇಶ ಪತ್ರ. ಗೊಣಗುವವರನ್ನು ಯಾರೂ ಕೇಳುವುದಿಲ್ಲ, ಅವರು ನಾಲ್ಕೂವರೆಗೆ ಬಸ್ ಹತ್ತಿರುತ್ತಾರೆ. ದುಡಿಯುವ ಎತ್ತಿಗೇ ಏಟು ಜಾಸ್ತಿ. ಮೊನ್ನೆ ಆ ನಗುಮುಖದವರು ಬಿಪಿ ಮಾತ್ರೆ ಶುರು ಮಾಡಿದ್ದೀನಿ ಅಂದರು. ಅದನ್ನೂ ನಗುತ್ತಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ನಾನೂ ಆಶಾವಾದಿಯೇ ಕಣ್ರೀ. ಇಲ್ಲದಿದ್ದರೆ ಊಟದ ನಂತರದ ಪೀರಿಯಡ್‌ನಲ್ಲಿ ಭಿನ್ನರಾಶಿ ಹೇಳಿಕೊಡಲು ಆಗುತ್ತದಾ? ಅರ್ಧಕ್ಕಿಂತ ಮೂರನೇ ಒಂದು ಯಾಕೆ ಚಿಕ್ಕದು ಅಂತ ಹಿಂದಿನ ಬೆಂಚಿನ ಹುಡುಗಿಗೆ ತಟ್ಟನೆ ಹೊಳೆದರೆ ಸಂಜೆಯವರೆಗೂ ನನಗೆ ಕಾಲು ನೋವೇ ಗೊತ್ತಾಗುವುದಿಲ್ಲ. ನಮ್ಮ ಹುರುಪು ಬರುವುದು ಅಲ್ಲಿಂದ. ಆ ಪೀರಿಯಡ್ಡನ್ನೇ ಕಿತ್ತುಕೊಂಡು, ಸುಸ್ತಾದಿರಾ ಅಂತ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಾರೆ.

ಅಕ್ಕಪಕ್ಕದ ಶಾಲೆಗಳ ಕ್ಲಸ್ಟರಿಗೊಬ್ಬ ಡೇಟಾ ಎಂಟ್ರಿ ಆಪರೇಟರ್ ಕೊಡಿ ಸ್ವಾಮಿ. ಬಿಎಲ್‌ಒ ಕೆಲಸಕ್ಕೆ ಬೇರೆ ಜನ ಹುಡುಕಿ. ಮನಸ್ಸಿನ ಬಂಡವಾಳ ನಮ್ಮಲ್ಲಿ ಬೇಕಾದಷ್ಟಿದೆ, ಬಡ್ಡಿ ಕೇಳುವುದನ್ನು ಸ್ವಲ್ಪ ನಿಲ್ಲಿಸಿ.