ಎತ್ತಿಗೆ ಜ್ವರ, ಪಂಪಿಗೆ ಬರೆ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಅಂದರೆ ರಜೆ. ಆ 61 ದಿನ ಮೀನಿಗೆ ನೆಮ್ಮದಿ, ಬಲೆಗೆ ಹೊಲಿಗೆ, ಎಂಜಿನ್ನಿಗೆ ಕಾಯಿಲೆ. ಹತ್ತು ತಿಂಗಳು ಹಗಲು ರಾತ್ರಿಯೆನ್ನದೆ ದುಡಿದಾಗ ಕೆಮ್ಮದ ಮುದಿ ಡೀಸೆಲ್ ಎಂಜಿನ್, ಎರಡು ತಿಂಗಳು ಸುಮ್ಮನೆ ಕೂರಿಸಿದ್ದಕ್ಕೆ ಆಗಸ್ಟಿನಲ್ಲಿ ಮುನಿಸಿಕೊಳ್ಳುತ್ತದೆ. ಮಲ್ಪೆಯಾಗಲಿ, ಮಂಗಳೂರಿನ ದಕ್ಕೆಯಾಗಲಿ, ಸೆಲ್ಫ್ ಹೊಡೆದು ಎಂಜಿನ್ ಹತ್ತದಿದ್ದರೆ ಐದು ನಿಮಿಷದೊಳಗೆ ಸಭೆ ಸೇರುತ್ತದೆ. ಪಕ್ಕದ ಬೋಟು ನಡೆಸುವ ತಾಂಡೇಲ, ಐಸ್ ತುಂಬಿಸಲು ಬಂದವರು, ಯಾರದೋ ಭಾವ. ಎಂಜಿನ್ ಕೋಣೆಗೆ ಇಣುಕುವ ಮೊದಲೇ ತೀರ್ಪು ಸಿದ್ಧ: “ಪಂಪೇ ಹೋದದ್ದು ಮಾರಾಯ್ರೆ, ಬಿಚ್ಚಿಸಿ.”

ಪಂಪ್ ಎಂದರೆ ಇಂಜೆಕ್ಷನ್ ಪಂಪ್, ಎಂಜಿನ್ನಿಗೆ ಡೀಸೆಲನ್ನು ಅಳೆದು ಭಾರಿ ಒತ್ತಡದಲ್ಲಿ ಕಳಿಸುವುದು. ಇಡೀ ಎಂಜಿನ್ನಿನಲ್ಲಿ ದುಬಾರಿ ಸಾಮಾನುಗಳಲ್ಲೊಂದು, ಕೆಡುವುದು ಮಾತ್ರ ಅಪರೂಪ. ಒಳಗೆ ಡೀಸೆಲ್ ತಳ್ಳುವ ಪ್ಲಂಜರುಗಳು ಮೈಕ್ರಾನ್ ಲೆಕ್ಕದಲ್ಲಿ ಕೂತಿರುತ್ತವೆ. ಒಮ್ಮೆ ಬಿಚ್ಚಿದರೆ ಟೆಸ್ಟ್ ಬೆಂಚಿನಲ್ಲಿ ಕ್ಯಾಲಿಬ್ರೇಶನ್ ಆಗಬೇಕು, ತಂದು ಕೂರಿಸುವಾಗ ಟೈಮಿಂಗ್ ಗುರುತು ಸೇರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಎಂಜಿನ್ ಹತ್ತುವುದಿಲ್ಲ, ಯಾಕೆಂದರೆ ಜ್ವರ ಬಂದದ್ದು ಎತ್ತಿಗೆ.

ಆ ಎತ್ತು ಹೆಚ್ಚಿನ ಸಲ ಡೀಸೆಲ್ ಪೈಪಿನೊಳಗಿನ ಗಾಳಿ. ಟ್ಯಾಂಕಿನಿಂದ ಹೊರಟ ಡೀಸೆಲ್ ನೀರು ಬೇರ್ಪಡಿಸುವ ಫಿಲ್ಟರ್ ದಾಟಿ ಫೀಡ್ ಪಂಪಿಗೆ ಬರುತ್ತದೆ, ಅಲ್ಲಿಂದ ಎರಡನೆಯ ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್, ಕೊನೆಗೆ ಡೀಸೆಲನ್ನು ಎಂಜಿನ್ನಿನೊಳಗೆ ಸಿಂಪಡಿಸುವ ನಾಜಲ್. ಫೀಡ್ ಪಂಪಿನ ತನಕ ಡೀಸೆಲನ್ನು ಎಳೆದುಕೊಳ್ಳಲಾಗುತ್ತದೆ, ಅಲ್ಲಿಂದ ಮುಂದೆ ತಳ್ಳಲಾಗುತ್ತದೆ. ತಳ್ಳುವ ಕಡೆ ಸೋರಿದರೆ ಡೀಸೆಲ್ ಹೊರಗೆ ಕಾಣುತ್ತದೆ. ಎಳೆಯುವ ಕಡೆ ಸೋರಿದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಇಲ್ಲ. ಟಾರ್ಚ್ ಹಿಡಿದು ಒದ್ದೆ ಜಾಗ ಹುಡುಕುವವರಿಗೆ ಬಿರುಕು ಬಿಟ್ಟ ರಬ್ಬರ್ ಹೋಸ್ ಒಣಗಿ ಸಭ್ಯವಾಗಿ ಕಾಣುತ್ತದೆ. ಎಂಜಿನ್ ಹತ್ತಿ, ಒಂದೆರಡು ನಿಮಿಷ ಓಡಿ, ಏರಿಳಿದು, ಆರಿಹೋದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಒಂದಡಿ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆಗಳೇ ಸಾಕ್ಷಿ ಹೇಳುತ್ತವೆ.

ಗಾಳಿ ತೆಗೆಯುವುದಕ್ಕೆ ಕ್ರಮವಿದೆ. ಎರಡನೆಯ ಫಿಲ್ಟರಿನ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಮಾತ್ರ ಬರುವ ತನಕ ಕೈಪಂಪ್ ಒತ್ತಬೇಕು. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಒತ್ತುವುದು ನಿಲ್ಲಿಸಿ ಬಿಗಿದರೆ ಗಾಳಿ ವಾಪಸ್. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲೂ ಅದೇ ಪೂಜೆ. ಇನ್ನೂ ಹತ್ತದಿದ್ದರೆ ನಾಜಲ್ ಪೈಪುಗಳ ನಟ್ಟುಗಳನ್ನು (ಸಾಮಾನ್ಯವಾಗಿ 17 ಅಥವಾ 19ರ ಸ್ಪ್ಯಾನರ್) ಒಂದು ಸುತ್ತು ಸಡಿಲಿಸಿ, ಥ್ರಾಟಲ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯುವುದು. ಡೀಸೆಲ್ ಚಿಮ್ಮಿದ ಪೈಪನ್ನು ಬಿಗಿಯುತ್ತ ಹೋಗುವುದು. ನಾಜಲ್ ತೆರೆಯುವುದು ಸುಮಾರು 200 ಬಾರ್ ಒತ್ತಡದಲ್ಲಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಸೋರುವ ಜಾಗವನ್ನು ಬೆರಳಿನಿಂದ ಮುಚ್ಚಿ ನೋಡುವ ಪೌರುಷ ಬೇಡ. ಬ್ಲೀಡ್ ಸ್ಕ್ರೂವಿನ ಅಡಿಯ ತಾಮ್ರದ ವಾಷರ್ ಒಮ್ಮೆ ಒತ್ತಿಸಿಕೊಂಡರೆ ಗಟ್ಟಿಯಾಗುತ್ತದೆ. ಚಾ ಕುಡಿದಷ್ಟು ದುಡ್ಡಿಗೆ ಸಿಗುವ ಹೊಸದನ್ನು ಹಾಕದೆ ಹಳೆಯದನ್ನೇ ಬಿಗಿದು ಬಿಗಿದು ಸ್ಕ್ರೂವಿನ ಮರೆ (ಥ್ರೆಡ್) ಹಾಳುಮಾಡುವ ಸಂಪ್ರದಾಯ ನಮ್ಮಲ್ಲಿ ಗಟ್ಟಿಯಾಗಿದೆ. ಅಂಗಡಿ ದೂರವಿದ್ದರೆ ಹಳೆಯ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ.

ಗಾಳಿಯ ತಮ್ಮನೇ ನೀರು. ಅರ್ಧ ಖಾಲಿ ಟ್ಯಾಂಕಿನೊಳಗೆ ಮಳೆಗಾಲದ ತೇವ ಬೆವರಾಗಿ ಇಳಿದು ತಳ ಸೇರುತ್ತದೆ. ನೀರು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿ, ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತವೆ. ಮೇ ಕೊನೆಯಲ್ಲೇ ಟ್ಯಾಂಕ್ ತುಂಬಿಸಿಟ್ಟರೆ ಬೆವರಲು ಜಾಗವೇ ಇರದು. ಆದರೆ ಎರಡು ತಿಂಗಳು ಓಡದ ಬೋಟಿಗೆ ಡೀಸೆಲ್ ತುಂಬಿಸಿ ಎಂದರೆ ಮಾಲೀಕರ ಮುಖವೇ ಬೇರೆಯಾಗುತ್ತದೆ. ಎಂಜಿನ್ ಆಯಿಲನ್ನೂ ರಜೆಗೆ ಮೊದಲೇ, ಎಂಜಿನ್ ಬಿಸಿಯಿರುವಾಗ ಬದಲಾಯಿಸಬೇಕು. ಹಳೆಯ ಆಯಿಲಿನ ಆಮ್ಲ ಬೇರಿಂಗುಗಳನ್ನು ಎರಡು ತಿಂಗಳು ನೆಕ್ಕುತ್ತ ಕೂರಬಾರದು.

ಸೆಲ್ಫ್ ಗುರ್ ಎನ್ನದೆ ಬರೀ ಟಕ್ ಎಂದರೆ ಸಭೆಯ ತೀರ್ಪು ಬದಲಾಗುತ್ತದೆ: “ಹೊಸ ಬ್ಯಾಟರಿ ತನ್ನಿ.” ತರುವ ಮೊದಲು ಮೀಟರ್ ಇಡಿ. ಸುಮ್ಮನಿರುವ 12 ವೋಲ್ಟ್ ಬ್ಯಾಟರಿ 12.6 ತೋರಿಸಿದರೆ ಪೂರ್ತಿ ಚಾರ್ಜಾಗಿದೆ, 12.0ಕ್ಕೆ ಬಂದರೆ ಬಹುತೇಕ ಖಾಲಿ. ಚಾರ್ಜಿದ್ದೂ ಟಕ್ ಎಂದರೆ ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೇಬಲ್ಲಿನ ತುದಿಗೆ ಉಪ್ಪು ಹಿಡಿದಿದೆ. ಮದ್ದು ಉಪ್ಪುಕಾಗದ ಮತ್ತು ಸ್ಪ್ಯಾನರ್.

ಎಂಜಿನ್ ಹತ್ತಿತು ಎಂದು ಸಭೆ ಚದುರುವ ಹೊತ್ತಿಗೆ ಇಂಪೆಲ್ಲರ್ ಕಥೆ ಶುರು. ಎಂಜಿನ್ ತಂಪಾಗಿಸುವ ಹೀಟ್ ಎಕ್ಸ್‌ಚೇಂಜರಿಗೆ ಸಮುದ್ರದ ನೀರು ಎಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ ಅದು. ಎರಡು ತಿಂಗಳು ಒಂದೇ ಭಂಗಿಯಲ್ಲಿ ಮಡಚಿ ಕೂತರೆ ಎಸಳುಗಳು ಹಾಗೇ ಬಾಗಿ ನಿಲ್ಲುತ್ತವೆ. ನೀರಿನ ವಾಲ್ವ್ ತೆರೆಯಲು ಮರೆತು ಓಡಿಸಿದರಂತೂ ಬಿಸಿಗೆ ಹರಿದು ಚಿಂದಿಯಾಗಲು ಹೆಚ್ಚು ಹೊತ್ತು ಬೇಡ. ಹೊಸದು ಹಾಕಿದರೂ ಕೆಲಸ ಮುಗಿಯಲಿಲ್ಲ: ಹಳೆಯದರ ಎಸಳು ಎಣಿಸಿ. ಆರರಲ್ಲಿ ನಾಲ್ಕೇ ಇದ್ದರೆ ಉಳಿದೆರಡು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಅಡ್ಡ ಮಲಗಿರುತ್ತವೆ, ಟೆಂಪರೇಚರ್ ಮುಳ್ಳು ಮೇಲೆಯೇ ನಿಲ್ಲುತ್ತದೆ. ಹೊಸದನ್ನು ಕೂರಿಸುವಾಗ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ನಿಷೇಧದ ದಿನಗಳಲ್ಲಿ ಅದನ್ನು ಬಿಚ್ಚಿ ನೆರಳಲ್ಲಿಡುವುದೇ ಜಾಣತನ. ಎಲ್ಲಿಟ್ಟೆವೆಂದು ಸ್ಟಿಯರಿಂಗಿಗೆ ಚೀಟಿ ಕಟ್ಟಿಡಿ.

ಹೊಗೆಯ ವಿಷಯ ಚಿಕ್ಕದು. ಕಪ್ಪಾದರೆ ಗಾಳಿ ಸಾಲದು ಅಥವಾ ಹೊರೆ ಜಾಸ್ತಿ (ಏರ್ ಕ್ಲೀನರಿಗಿಂತ ಮೊದಲು ನೀರಿನಡಿಯ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಬಲೆ ಸುತ್ತಿದೆಯೇ ನೋಡಿ), ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿಯಾಗಿದ್ದರೆ ಉರಿಯದ ಡೀಸೆಲ್ ಅಥವಾ ನೀರು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಎಂಜಿನ್ ಮುಟ್ಟಬೇಡಿ, ನಿಜವಾದ ಮೆಕ್ಯಾನಿಕನ್ನು ಕರೆಸಿ. ಹೆಡ್ ಗ್ಯಾಸ್ಕೆಟ್ಟೋ ಆಯಿಲ್ ಕೂಲರೋ ಬಾಯಿಬಿಟ್ಟಿದೆ.

ಇನ್ನುಳಿದದ್ದು ಗ್ಲ್ಯಾಂಡ್, ಫ್ಯಾನಿನ ಶಾಫ್ಟ್ ಬೋಟಿನಿಂದ ಹೊರಹೋಗುವಲ್ಲಿ ನೀರು ತಡೆಯುವ ಜಾಗ. ಶಾಫ್ಟ್ ತಿರುಗುವಾಗ ಅಲ್ಲಿಂದ ನಿಮಿಷಕ್ಕೆ ನಾಲ್ಕಾರು ಹನಿ ನೀರು ತೊಟ್ಟಿಕ್ಕಲೇಬೇಕು, ಶಾಫ್ಟ್ ತಣ್ಣಗಿರುವುದು ಅದರಿಂದಲೇ. ಬೋಟಿನೊಳಗೆ ನೀರು ಕಂಡರೆ ಸಹಿಸದ ಯಾರಾದರೂ ಒಬ್ಬರು ಇರುತ್ತಾರೆ, ನಟ್ಟು ಬಿಗಿದು ಹನಿ ನಿಲ್ಲಿಸಿಯೇ ಏಳುತ್ತಾರೆ. ಗ್ಲ್ಯಾಂಡಿನೊಳಗೆ ಶಾಫ್ಟಿಗೆ ಸುತ್ತಿದ ಹಗ್ಗದಂಥ ಪ್ಯಾಕಿಂಗ್ ಒಣಗಿ, ಸುಟ್ಟು ಕಲ್ಲಾಗಿ ಶಾಫ್ಟಿನಲ್ಲಿ ಗೀರು ಕೊರೆಯುತ್ತದೆ, ಆಮೇಲೆ ಯಾವ ಪ್ಯಾಕಿಂಗೂ ಅಲ್ಲಿ ನೀರು ತಡೆಯದು. ಹೊಸದು ಹಾಕುವಾಗ ಸುರುಳಿ ಸುತ್ತದೆ ಬಿಡಿ ಉಂಗುರಗಳಾಗಿ ಕತ್ತರಿಸಿ, ಒಂದರ ಜೋಡಣೆ ಇನ್ನೊಂದರ ಮೇಲೆ ಬಾರದಂತೆ ಕೂರಿಸಿ, ನಟ್ಟುಗಳನ್ನು ಮೊದಲು ಕೈಯಿಂದಷ್ಟೇ ತಿರುಗಿಸಿ. ಅರ್ಧ ಗಂಟೆ ಓಡಿಸಿ ಗ್ಲ್ಯಾಂಡ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಎಂಜಿನ್ ನಿಲ್ಲಿಸಿ ಎರಡೂ ನಟ್ಟುಗಳನ್ನು ಸಮನಾಗಿ ಕಾಲು ಸುತ್ತು ಸಡಿಲಿಸಿ, ಸ್ಪ್ಯಾನರನ್ನು ಆ ಮಹನೀಯರ ಕೈಗೆ ಸಿಗದ ಕಡೆ ಇಡಿ.