10 ಸ್ಪೀಡ್ ಅಂದ ಮಾತ್ರಕ್ಕೆ ಎಲ್ಲವೂ ಹೊಂದಲ್ಲ

"ಶಿಮಾನೋ 10 ಸ್ಪೀಡ್ ಆಗಿದ್ದರೆ ಸಾಕು, ಯಾವ ಶಿಫ್ಟರ್‌ಗೆ ಯಾವ ಡಿರೈಲರ್ ಬೇಕಾದರೂ ಹಾಕಬಹುದು" ಅಂತ ಮಂಗಳೂರು, ಉಡುಪಿಯ ಸೈಕಲ್ ಸವಾರರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. (ಶಿಮಾನೋ ಅಂದರೆ ಸೈಕಲ್ ಬಿಡಿಭಾಗಗಳ ಕಂಪನಿ. 10 ಸ್ಪೀಡ್ ಅಂದರೆ ಹಿಂದೆ ಹತ್ತು ಗೇರ್. ಶಿಫ್ಟರ್ ಅಂದರೆ ಗೇರ್ ಬದಲಿಸುವ ಲಿವರ್, ಡಿರೈಲರ್ ಅಂದರೆ ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ.)

ಶಿಫ್ಟರ್ ಒಂದು ಕ್ಲಿಕ್‌ಗೆ ಎಷ್ಟು ಕೇಬಲ್ ಎಳೆಯುತ್ತದೆ ಅನ್ನೋದೇ ಇಲ್ಲಿ ಮುಖ್ಯ. ಶಿಮಾನೋದ ರೋಡ್ ಸೈಕಲ್ ಸೆಟ್ ಟಿಯಾಗ್ರದ ಹಳೆಯ 4600 ಮಾದರಿಯ ಶಿಫ್ಟರ್‌ಗೆ, ನಂತರ ಬಂದ 4700 ಮಾದರಿಯ ಹಿಂಬದಿ ಡಿರೈಲರ್ ಹಾಕಿದರೆ ಲೆಕ್ಕ ತಾಳೆಯಾಗಲ್ಲ. ಹೆಸರು ಒಂದೇ, ಎರಡೂ 10 ಸ್ಪೀಡೇ, ಆದರೂ ಆಗಲ್ಲ. ಒಂದು ಗೇರ್ ಸರಿಮಾಡಿದರೆ ಇನ್ನೊಂದರಲ್ಲಿ ಚೈನ್ ಕಟಕಟ ಅನ್ನುತ್ತದೆ. ಕೇಬಲಿನ ಬಿಗಿ ಹೊಂದಿಸುವ ಬ್ಯಾರೆಲ್ ಎಷ್ಟು ತಿರುಗಿಸಿದರೂ ಸರಿಹೋಗಲ್ಲ. ಎಂಟಿಬಿಯ (ಮೌಂಟನ್ ಬೈಕ್) 10 ಸ್ಪೀಡ್ ಡಿರೈಲರ್ ಕೂಡ ರೋಡ್ ಶಿಫ್ಟರ್ ಜೊತೆ ಹೊಂದಲ್ಲ. ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛ), ಚೈನ್ ವಿಷಯ ಬೇರೆ. ಅಗ್ಗದ 10 ಸ್ಪೀಡ್ ಕ್ಯಾಸೆಟ್ ಧೈರ್ಯವಾಗಿ ಹಾಕಿ, ನಿಮ್ಮ ಡಿರೈಲರ್ ಎಷ್ಟು ಹಲ್ಲಿನ ದೊಡ್ಡ ಚಕ್ರದವರೆಗೆ ನಿಭಾಯಿಸುತ್ತದೆ ಅಂತ ನೋಡಿಕೊಂಡರಾಯಿತು.

ಅದೇ ಮೆಸೇಜ್‌ನಲ್ಲಿ "ಗೇರ್ ಕೇಬಲಿನ ಔಟರನ್ನೇ ಬ್ರೇಕ್‌ಗೂ ಹಾಕಿ" ಅಂತಲೂ ಇದೆ. ದಯವಿಟ್ಟು ಬೇಡ. ಔಟರ್ ಅಂದರೆ ಕೇಬಲ್ ಒಳಗೆ ಓಡಾಡುವ ಹೊರಕವಚ. ಗೇರ್ ಔಟರ್‌ನೊಳಗೆ ತಂತಿಗಳು ಉದ್ದಕ್ಕೆ ಇರುತ್ತವೆ. ಜೋರಾಗಿ ಬ್ರೇಕ್ ಹಿಡಿದಾಗ ಅದು ಸೀಳಿಹೋಗಬಹುದು. ಬ್ರೇಕ್ ಔಟರ್‌ನಲ್ಲಿ ತಂತಿ ಸುರುಳಿಯಾಗಿ ಸುತ್ತಿರುತ್ತದೆ, ಒತ್ತಡ ತಡೆಯುತ್ತದೆ. ಕತ್ತರಿಸಿದ ತುದಿ ನೋಡಿದರೇ ವ್ಯತ್ಯಾಸ ಗೊತ್ತಾಗುತ್ತೆ. ಈಗಾಗಲೇ ಹಾಕಿಸಿಕೊಂಡವರು ಮಣಿಪಾಲದ ಇಳಿಜಾರಿಗೆ ಹೋಗುವ ಮೊದಲೇ ಬದಲಿಸಿ.