ಚೆನ್ನಾಗಿ ಮಾಡಿಕೊಡಿ

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಈ ಗಾದೆ ಕಟ್ಟಿದವರು ಯಾರೋ ಸಣ್ಣ ವ್ಯಾಪಾರಿಯೇ ಇರಬೇಕು. ಬಿಲ್ ಬರೆಯುವುದೂ ಅವರೇ, ಪಾರ್ಸೆಲ್ ಕಟ್ಟುವುದೂ ಅವರೇ, ರಾತ್ರಿ ಹತ್ತೂವರೆಗೆ ಗಿರಾಕಿಯ ಮೆಸೇಜಿಗೆ ಉತ್ತರಿಸುವುದೂ ಅವರೇ. ಹೀಗೆ ಎಲ್ಲವನ್ನೂ ಉತ್ತಮವಾಗಿ ಮಾಡುತ್ತಾ ಕೂತರೆ ವ್ಯಾಪಾರ ಬೆಳೆಸುವ ಕೆಲಸವೊಂದು ಮಾತ್ರ ದಿನಾ ನಾಳೆಗೆ ಹೋಗುತ್ತದೆ. ಅಷ್ಟಕ್ಕೂ ಆ ಆಳಿಗೆ ಏನು ಮಾಡಬೇಕೆಂದು ಯಾರಾದರೂ ಸರಿಯಾಗಿ ಹೇಳಿದ್ದರೋ ಇಲ್ಲವೋ, ಗಾದೆ ಆ ಮಾತೇ ಎತ್ತುವುದಿಲ್ಲ.

ಹೊರಗುತ್ತಿಗೆ ಅಂದರೆ ದೊಡ್ಡ ಕಂಪನಿಗಳ ವ್ಯವಹಾರ ಅನಿಸುತ್ತದೆ. ವಾರಕ್ಕೆ ಮೂರು ಗಂಟೆ ಹಿಡಿಯುವ ಲೆಕ್ಕದ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿದರೆ ಅದೂ ಹೊರಗುತ್ತಿಗೆಯೇ. ಯಾವ ಕೆಲಸ ಕೊಡಬೇಕೆಂದು ತಲೆ ಕೆರೆದುಕೊಳ್ಳುವ ಬದಲು ಎರಡು ವಾರ ಅರ್ಧ ಗಂಟೆಗೊಮ್ಮೆ ಮಾಡಿದ್ದನ್ನು ಗೀಚಿಟ್ಟರೆ ಸಾಕು, ಹಾಳೆಯೇ ಬಾಯಿಬಿಡುತ್ತದೆ. ಪದೇ ಪದೇ ಬರುವ, ತಪ್ಪಾದರೂ ತಿದ್ದಬಹುದಾದ ಕೆಲಸ ಮೊದಲು ಹೊರಗೆ ಹೋಗಲಿ. ಬೆಲೆ ನಿಗದಿ ಮತ್ತು ಹಳೇ ಗಿರಾಕಿಯ ದೂರು ಒಳಗೇ ಇರಲಿ. ಬಾಕಿ ವಸೂಲಿ ಎರಡಕ್ಕೂ ನಡುವಿನದು: ನೆನಪಿಸುವುದನ್ನು ಇನ್ನೊಬ್ಬರಿಗೆ ಕೊಡಬಹುದು, ಮುನಿಸು ಬಾರದಂತೆ ಮಾತಾಡುವುದನ್ನು ಕೊಡಲಾಗದು.

ಇನ್ನು ಗಂಟೆಗಳ ಲೆಕ್ಕ. ಮೂರು ಗಂಟೆಯ ಆ ಕೆಲಸ ಕಲಿಸಲು ಒಟ್ಟು 12 ಗಂಟೆ ಹೋಯಿತು ಎನ್ನೋಣ. ಆಮೇಲೆ ವಾರಕ್ಕೆ ಅರ್ಧ ಗಂಟೆ ಪರಿಶೀಲನೆ. ಉಳಿಯುವುದು ವಾರಕ್ಕೆ ಎರಡೂವರೆ ಗಂಟೆ. ಹಾಕಿದ ಸಮಯ ಮರಳಿ ಬರಲು ಹತ್ತಿರ ಹತ್ತಿರ ಐದು ವಾರ ಬೇಕು. ಎರಡನೇ ವಾರದಲ್ಲಿ ‘ನಾನೇ ಮಾಡಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು’ ಎಂದು ಗೊಣಗಿದರೆ ಮಾತೇನೋ ನಿಜ, ಗೊಣಗುವ ವಾರ ಮಾತ್ರ ತಪ್ಪು. ಅದೇ ವರ್ಷಕ್ಕೊಮ್ಮೆ ಬರುವ ಮೂರು ಗಂಟೆಯ ಕೆಲಸವಾದರೆ ಗೊಣಗಿದವರೇ ಸರಿ. ಸಂಸ್ಥೆಗಳು ಯಾಕಿವೆ, ಎಲ್ಲ ಕೆಲಸವನ್ನೂ ಪೇಟೆಯಿಂದಲೇ ಕೊಳ್ಳಬಹುದಲ್ಲ ಎಂದು 1937ರಲ್ಲಿ ಕೇಳಿದ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಕೊಟ್ಟ ಉತ್ತರವೂ ಇದೇ ಜಾಡಿನದು: ಹುಡುಕುವುದಕ್ಕೆ, ಚೌಕಾಸಿಗೆ, ಕರಾರಿಗೆ ಖರ್ಚಿದೆ, ಅದಕ್ಕೇ ಕೆಲವು ಕೆಲಸ ಒಳಗೇ ಅಗ್ಗ. 1991ರಲ್ಲಿ ಅವರಿಗೆ ನೊಬೆಲ್ ಬಂತು.

ಎಲ್ಲ ರಗಳೆಯ ಮೂಲ ‘ಚೆನ್ನಾಗಿ ಮಾಡಿಕೊಡಿ’ ಎಂಬ ಮಾತು. ಕರಪತ್ರದ ವಿನ್ಯಾಸವನ್ನೇ ನೋಡಿ. ಚೆನ್ನಾಗಿ ಎಂದರೆ ಒಬ್ಬರಿಗೆ ಖಾಲಿ ಜಾಗ, ಇನ್ನೊಬ್ಬರಿಗೆ ಹನ್ನೊಂದು ಬಣ್ಣ. ಹೇಳಬೇಕಾದದ್ದು ಬೇರೆಯೇ ಇದೆ: ಅಳತೆ ಎ5, ಚಿತ್ರಗಳು 300 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕಿ), ಬಣ್ಣ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಯ ಪದ್ಧತಿ), ನಾಲ್ಕೂ ಬದಿಗೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ. ಆ 3 ಮಿ.ಮೀ. ಮರೆತರೆ ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಜರುಗಿದರೂ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಬಣ್ಣಪದ್ಧತಿಯಲ್ಲಿ ಬಿಟ್ಟರೆ ಅಲ್ಲಿ ಮಿಂಚಿದ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ‘ಚೆನ್ನಾಗಿ’ಗೊಬ್ಬ ತಮ್ಮನಿದ್ದಾನೆ, ‘ಸ್ವಲ್ಪ’. ಸ್ವಲ್ಪ ದೊಡ್ಡದು ಮಾಡಿ, ಸ್ವಲ್ಪ ಎಡಕ್ಕೆ. ಒಪ್ಪಿದ ಹಣದಲ್ಲಿ ಎರಡು ಸುತ್ತಿನ ತಿದ್ದುಪಡಿ ಎಂದು ಮೊದಲೇ ಬರೆದುಕೊಂಡು, ಒಂದು ಸುತ್ತಿನದೆಲ್ಲ ಒಂದೇ ಸಂದೇಶದಲ್ಲಿ ಕಳಿಸಿದರೆ ಅವನ ಹಾವಳಿ ತಗ್ಗುತ್ತದೆ.

ಕೆಲಸದ ಕ್ರಮವನ್ನು ನೆನಪಿನಿಂದ ಬರೆಯಬಾರದು, ಮಾಡುತ್ತಲೇ ಬರೆಯಬೇಕು. ಕೈಗೆ ಗೊತ್ತಿರುವ ಅರ್ಧ ಸಂಗತಿ ತಲೆಗೆ ಗೊತ್ತಿರುವುದಿಲ್ಲ. ಸಲೀಸಾದ ದಾರಿಗಿಂತ ತಿರುವುಗಳೇ ಮುಖ್ಯ: ಬಿಲ್ಲಿಗೆ ನಂಬರ್ ಇಲ್ಲದಿದ್ದರೆ? ಗಿರಾಕಿ ಅರ್ಧ ಹಣ ಕೊಟ್ಟರೆ? ಒಂದೇ ಹೆಸರಿನವರು ಇಬ್ಬರಿದ್ದರೆ? ಬರೆದ ಹಾಳೆಯನ್ನು ಹೊಸಬರ ಕೈಗಿಟ್ಟು ಬಾಯಿಮುಚ್ಚಿ ಕೂರಿ. ಅವರು ಕೇಳುವ ಒಂದೊಂದು ಪ್ರಶ್ನೆಯೂ ಹಾಳೆಯಲ್ಲಿ ಬಿಟ್ಟುಹೋದ ಒಂದೊಂದು ಸಾಲು. ಬಾಯಿಮುಚ್ಚಿ ಕೂರುವುದೇ ಇದರಲ್ಲಿ ಕಷ್ಟದ ಭಾಗ.

ಲೆಕ್ಕ ಬರೆಯುವವರಿಗೆ ಸಸ್ಪೆನ್ಸ್ ಖಾತೆ ಎಂಬ ಅಟ್ಟವಿದೆ. ಏನೆಂದು ತಿಳಿಯದ ಜಮಾ ಖರ್ಚೆಲ್ಲ ತಾತ್ಕಾಲಿಕವಾಗಿ ಅಲ್ಲಿಗೆ. ತಿಂಗಳ ಕೊನೆಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟಿನ ಶಿಲ್ಕನ್ನು ಪುಸ್ತಕದ ಶಿಲ್ಕಿಗೆ ತಾಳೆ ನೋಡಿದ ಮೇಲೆ ಈ ಅಟ್ಟಕ್ಕೂ ಒಮ್ಮೆ ಇಣುಕಬೇಕು. ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಲೆಕ್ಕದವರನ್ನು ಬಯ್ಯುವ ಮುನ್ನ, ಅವರು ಕೇಳಿದ ಪ್ರಶ್ನೆಗಳಿಗೆ ಮಾಲೀಕರು ಉತ್ತರ ಕೊಟ್ಟಿದ್ದಾರೆಯೇ ನೋಡುವುದು ಒಳ್ಳೆಯದು. ಹಣ ಪಾವತಿಯನ್ನು ಸಿದ್ಧಪಡಿಸುವವರು ಒಬ್ಬರು, ಒಪ್ಪಿಗೆ ಒತ್ತುವವರು ಇನ್ನೊಬ್ಬರು. ಇದರಲ್ಲಿ ನಂಬಿಕೆ, ಸ್ನೇಹ ಎಂದು ಸಡಿಲಿಸುವಂತಿಲ್ಲ.

ಪಾಸ್‌ವರ್ಡ್ ಹಂಚುವ ಬದಲು ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಟ್ಟರೆ, ಬಿಟ್ಟುಹೋದವರದ್ದನ್ನು ಮಾತ್ರ ಮುಚ್ಚಬಹುದು. ವೆಬ್‌ಸೈಟಿನ ಡೊಮೇನ್, ಅಂದರೆ ಕಾಲಕಾಲಕ್ಕೆ ನವೀಕರಿಸಬೇಕಾದ ಅದರ ವಿಳಾಸ, ಮಾತ್ರ ಮಾಲೀಕರ ಹೆಸರಲ್ಲಿ, ಮಾಲೀಕರ ಈಮೇಲಿನಲ್ಲೇ ನೋಂದಣಿಯಾಗಬೇಕು. ಸೈಟು ಕಟ್ಟಿಕೊಟ್ಟವರು ‘ನಾನೇ ಮಾಡಿಸುತ್ತೇನೆ ಬಿಡಿ’ ಎಂದಾಗ ಎಷ್ಟು ಹಗುರವೆನಿಸುತ್ತದೆ! ನವೀಕರಿಸಿ ಎಂಬ ಎಚ್ಚರಿಕೆಗಳು ಸಾಲಾಗಿ ಅವರ ಹಳೇ ಈಮೇಲಿಗೆ ಹೋಗುತ್ತವೆ. ಅವರು ಬೇರೆ ಉದ್ಯೋಗ ಹಿಡಿದು, ಆ ಈಮೇಲ್ ತೆರೆಯುವುದನ್ನೇ ಬಿಟ್ಟಿರುತ್ತಾರೆ. ಒಂದು ಬೆಳಗ್ಗೆ ಸೈಟು ತೆರೆಯುವುದಿಲ್ಲ. ಮಾಲೀಕರು ಮೊದಲು ಫೋನ್ ಮಾಡುವುದು ಇಂಟರ್ನೆಟ್ ಹುಡುಗನಿಗೆ.